ಒಂದೇ ಗುದ್ದಲಿ, ಎರಡು ಕಳೆ

ಮಳೆ ಬಿದ್ದ ಹತ್ತು ದಿನಕ್ಕೆ ನಿಮ್ಮ ಶಾಲೆಯ ಕೈತೋಟಕ್ಕೋ ಮನೆಯ ಹಿತ್ತಲಿಗೋ ಹೋಗಿ ನೋಡಿ. ನೀವು ಬಿತ್ತಿದ ಬೆಂಡೆ, ಬೀನ್ಸ್ ಆಗ ತಾನೇ ಎರಡೆಲೆ ಬಿಟ್ಟಿರುತ್ತವೆ. ಯಾರೂ ಬಿತ್ತದ, ಯಾರೂ ನೀರು ಹಾಕದ ಗಿಡಗಳು ಮಾತ್ರ ಆಗಲೇ ಅವುಗಳ ಸುತ್ತ ಗುಂಪುಕಟ್ಟಿ ನಿಂತಿರುತ್ತವೆ. ಇವೇ ಕಳೆಗಳು. ನಮಗೆ ಬೇಡದ ಜಾಗದಲ್ಲಿ ಬೆಳೆಯುವ ಯಾವುದೇ ಸಸ್ಯಕ್ಕೂ ಕಳೆ ಎನ್ನಬಹುದು. ಹೂವಿನ ಪಾತಿಯಲ್ಲಿ ತಾನಾಗಿ ಎದ್ದ ಟೊಮೆಟೊ ಗಿಡವೂ ಒಂದು ಲೆಕ್ಕದಲ್ಲಿ ಕಳೆಯೇ! ಆದರೆ ಅದನ್ನು ಕಿತ್ತರೆ ಹೋಗುತ್ತದೆ. ಎಷ್ಟು ಕಿತ್ತರೂ ಹೋಗದ ಹಠಮಾರಿಗಳು ಬೇರೆ ಇವೆ.

ಅಂಥ ಎರಡು ಕಳೆಗಳ ಪರಿಚಯ ಮಾಡಿಕೊಳ್ಳೋಣ. ಒಂದು ಪಾರ್ಥೇನಿಯಂ. ಇನ್ನೊಂದು ಜೇಕು. ಎರಡರ ಮೇಲೂ ನಾವು ಹಿಡಿಯುವುದು ಅದೇ ಗುದ್ದಲಿಯನ್ನು. ಆದರೆ ಹೂಬಿಡುವ ಮೊದಲು ಬುಡಸಮೇತ ಅಗೆದರೆ ಪಾರ್ಥೇನಿಯಂ ಸಾಯುತ್ತದೆ. ಜೇಕನ್ನು ಹಾಗೆಯೇ ಅಗೆದು ಬಂದರೆ ಒಂದಿದ್ದದ್ದು ನಾಲ್ಕಾಗುತ್ತದೆ! ಏಕೆ ಹೀಗೆ?

ಬೀಜವನ್ನು ನಂಬಿದ ಗಿಡ

ಪಾರ್ಥೇನಿಯಂ ಅನ್ನು ನೀವು ಖಂಡಿತ ನೋಡಿದ್ದೀರಿ. ಹೆಸರು ಗೊತ್ತಿಲ್ಲದಿರಬಹುದು, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಎಳೆಯದಿದ್ದಾಗ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿರುತ್ತವೆ. ಆಮೇಲೆ ನಡುವಿನಿಂದ ಕಾಂಡ ಎದ್ದು ಒಂದು ಮೀಟರಿಗೂ ಹೆಚ್ಚು ಬೆಳೆಯುತ್ತದೆ. ತುದಿಯಲ್ಲಿ ಅಕ್ಕಿಯ ನುಚ್ಚು ಚೆಲ್ಲಿದಂತೆ ಬಿಳಿ ಹೂಗಳು ಕಾಣುತ್ತವೆ.

ಇದರ ತವರು ಮೆಕ್ಸಿಕೊ ಮತ್ತು ಅದರ ಸುತ್ತಲಿನ ಅಮೆರಿಕದ ಬಿಸಿ ನಾಡುಗಳು. ನಮ್ಮ ದೇಶದಲ್ಲಿ 1955ರಲ್ಲಿ ಪುಣೆಯಲ್ಲಿ ಕಂಡಾಗ ಇದು ಸಸ್ಯವಿಜ್ಞಾನಿಗಳ ಗಮನ ಸೆಳೆಯಿತು. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಇದರ ಬೀಜ ಬಂದಿರಬೇಕು ಎನ್ನುತ್ತಾರೆ. ಅಲ್ಲಿಂದ ರಸ್ತೆಬದಿ, ರೈಲು ಹಳಿ, ಬೀಳು ಭೂಮಿ, ಆಟದ ಮೈದಾನ ಎಲ್ಲವನ್ನೂ ದಾಟಿ ಈಗ ನಮ್ಮ ಹಿತ್ತಲಿಗೆ ಬಂದು ನಿಂತಿದೆ. ತವರಿನಲ್ಲಿ ಇದನ್ನು ತಿನ್ನುವ ಕೀಟಗಳು ಬೇಕಾದಷ್ಟಿದ್ದವು. ಇಲ್ಲಿ ಅವು ಇರಲಿಲ್ಲ. ಹಸು, ಎಮ್ಮೆಗಳೂ ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ.

ಇದರ ಬಲವಿರುವುದು ಬೀಜದಲ್ಲಿ. ನಾವು ಒಂದು ಹೂ ಎಂದುಕೊಳ್ಳುವುದು ನಿಜವಾಗಿ ಹಲವು ಪುಟ್ಟ ಹೂಗಳ ಗೊಂಚಲು. ಸೂರ್ಯಕಾಂತಿಯೂ ಹೀಗೆಯೇ ಅಲ್ಲವೆ? ಎರಡೂ ಒಂದೇ ಕುಟುಂಬದವು. ಪಾರ್ಥೇನಿಯಂನ ಗೊಂಚಲಿನಲ್ಲಿ ಅಂಚಿನ ಐದು ಹೂಗಳು ಮಾತ್ರ ಬೀಜ ಕಟ್ಟುತ್ತವೆ. ಐದೇ ತಾನೇ ಎನ್ನಬೇಡಿ. ಒಂದು ಗಿಡದಲ್ಲಿ ಇಂಥ ಎರಡು ಸಾವಿರ ಗೊಂಚಲುಗಳಿದ್ದರೆ ಎಷ್ಟಾಯಿತು? 10,000 ಬೀಜ! ಚೆನ್ನಾಗಿ ಬೆಳೆದ ಗಿಡ ಇದಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಅವು ಗಾಳಿ, ನೀರು, ವಾಹನದ ಚಕ್ರ, ನಮ್ಮ ಚಪ್ಪಲಿಯ ಮಣ್ಣು, ಹೀಗೆ ಸಿಕ್ಕ ಸವಾರಿ ಹತ್ತಿ ಹೋಗುತ್ತವೆ. ಮಣ್ಣಿನೊಳಗೆ ಹೂತುಹೋದವು ವರ್ಷಗಟ್ಟಲೆ ಕಾಯುತ್ತವೆ.

ಹಾಗಾದರೆ ಇದನ್ನು ಯಾವಾಗ ಕೀಳಬೇಕು? ಹೂ ಬಿಡುವ ಮೊದಲು. ಮೊಳೆತ ಒಂದೆರಡು ತಿಂಗಳಲ್ಲಿ ಇದು ಹೂ ಬಿಡುತ್ತದೆ. ಆದ್ದರಿಂದ ಮಳೆ ಬಂದು ಮೂರು ವಾರದೊಳಗೆ, ಮಣ್ಣು ಹಸಿಯಾಗಿರುವಾಗ, ಬೇರುಸಮೇತ ಕಿತ್ತರೆ ಕೆಲಸ ಸುಲಭ. ಮೇಲಿನಿಂದ ಕತ್ತರಿಸಿ ಬಿಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ಕಳೆಯನ್ನೂ ಬಿತ್ತಿದಂತಾಗುತ್ತದೆ.

ಎಚ್ಚರಿಕೆ! ಈ ಗಿಡದಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಕೆಲವರಿಗೆ ಗಿಡ ಸೋಕಿದರೆ ಚರ್ಮ ಕೆಂಪಾಗಿ ತುರಿಸುತ್ತದೆ. ಇದರ ಪರಾಗದಿಂದ ಸೀನು, ಉಬ್ಬಸ ಬರುವುದೂ ಉಂಟು. ಒಮ್ಮೆ ಅಲರ್ಜಿ ಶುರುವಾದರೆ ಅದು ವರ್ಷಗಟ್ಟಲೆ ಕಾಡಬಹುದು. ಆದ್ದರಿಂದ ಬರಿಗೈಯಲ್ಲಿ ಇದನ್ನು ಮುಟ್ಟಲೇಬೇಡಿ. ಕೀಳುವ ಕೆಲಸ ದೊಡ್ಡವರದು. ಅವರೂ ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಬ್ಬಸ ಇರುವವರು ಹತ್ತಿರ ಹೋಗಬಾರದು.

ಉಪ್ಪುನೀರು ಸಿಂಪಡಿಸಿದರೆ ಸಾಯುತ್ತದಂತೆ ಎಂದು ನೀವು ಕೇಳಿರಬಹುದು. ನಿಜ. ಒಂದು ಲೀಟರ್ ನೀರಿಗೆ ಸುಮಾರು 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನ ದಿನ ಎಲೆಗಳ ಮೇಲೆ ಸಿಂಪಡಿಸಿದರೆ, ಎಲೆಯ ಒಳಗಿನ ನೀರು ಹೊರಕ್ಕೆ ಬಂದು ಗಿಡ ಬಾಡುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುತ್ತದಲ್ಲ, ಹಾಗೆ. ಆದರೆ ಆ ಉಪ್ಪು ಮಣ್ಣಿನಲ್ಲಿ ಉಳಿದು ನಿಮ್ಮ ಬೆಂಡೆಗಿಡಕ್ಕೂ ಅದೇ ಗತಿ ತರುತ್ತದೆ. ಕಲ್ಲುಹಾಸಿನ ಸಂದಿಗೆ ಸರಿ, ಪಾತಿಗೆ ಬೇಡ.

ಈ ಗಿಡಕ್ಕೆ ಶತ್ರುವಿಲ್ಲ ಎಂದೆವಲ್ಲ? ವಿಜ್ಞಾನಿಗಳು ಒಂದನ್ನು ಅದರ ತವರಿನಿಂದಲೇ ಕರೆತಂದರು. ಅದು ಮೆಕ್ಸಿಕೊದ ಒಂದು ದುಂಬಿ. ಬೇರೆ ಬೆಳೆಗಳಿಗೆ ಅಪಾಯವಿದೆಯೇ ಎಂದು ಪರೀಕ್ಷಿಸಿದ ಮೇಲೆ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳ ಚಿತ್ತಾರವಿರುವ, ಕಡಲೆಬೇಳೆಗಿಂತ ಚಿಕ್ಕದಾದ ಕೀಟವದು. ದುಂಬಿಯೂ ಅದರ ಮರಿಹುಳುವೂ ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ಮುಕ್ಕುತ್ತವೆ, ಬೇಸಿಗೆ ಬಂದರೆ ಮಣ್ಣಿನೊಳಗೆ ಹೊಕ್ಕು ಮಲಗುತ್ತವೆ. ಅವು ಮಲಗಿದಾಗ ಗಿಡ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಪೂರ್ತಿ ಕೆಲಸವನ್ನು ಅವುಗಳಿಗೇ ಬಿಟ್ಟು ಕೂರುವಂತಿಲ್ಲ. ಮುಂದಿನ ಮಳೆಗಾಲದಲ್ಲಿ ಹುಡುಕಿ ನೋಡಿ. ಸಿಕ್ಕರೆ ಅದನ್ನು ಕೊಲ್ಲಬೇಡಿ!

ಗಡ್ಡೆಯನ್ನು ನಂಬಿದ ಹುಲ್ಲು

ಜೇಕು ಹೊರದೇಶದಿಂದ ಬಂದ ಅತಿಥಿಯಲ್ಲ. ಬಹಳ ಹಿಂದಿನಿಂದ ನಮ್ಮ ನೆಲದಲ್ಲೇ ಇದೆ. ಕೊನ್ನಾರಿ ಗಡ್ಡೆ, ಭದ್ರಮುಷ್ಟಿ ಎಂದೂ ಕರೆಯುತ್ತಾರೆ. ಇದರ ಪರಿಮಳದ ಗಡ್ಡೆ ಆಯುರ್ವೇದದಲ್ಲಿ ಔಷಧಿ. ಆದರೆ ತರಕಾರಿ ಪಾತಿಗೆ ನುಗ್ಗಿದರೆ ಇದರಷ್ಟು ಹಠದ ಕಳೆ ಇನ್ನೊಂದಿಲ್ಲ. ನೋಡಲು ಹುಲ್ಲಿನಂತಿದ್ದರೂ ಇದು ಹುಲ್ಲಲ್ಲ. ಹೂ ಹೊತ್ತ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ. ಮೂರು ಮೂಲೆ ಕೈಗೆ ತಾಗುತ್ತವೆ.

ನೆಲದಡಿ ಇದರ ಗಡ್ಡೆಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸರಪಳಿಯಾಗಿರುತ್ತವೆ. ಸರಪಳಿ ಅಖಂಡವಾಗಿದ್ದಾಗ ಅದರಲ್ಲಿ ಕೆಲವೇ ಗಡ್ಡೆಗಳು ಚಿಗುರುತ್ತವೆ, ಉಳಿದವು ನಿದ್ದೆ ಮಾಡುತ್ತವೆ. ಸೇವಂತಿಗೆಯ ತುದಿ ಚಿವುಟಿದರೆ ಪಕ್ಕದ ಮೊಗ್ಗುಗಳು ಎಚ್ಚರಗೊಂಡು ಕವಲೊಡೆಯುತ್ತವೆ, ನೋಡಿದ್ದೀರಲ್ಲ? ಇಲ್ಲಿಯೂ ಹಾಗೆಯೇ. ಗುದ್ದಲಿ ಸರಪಳಿಯನ್ನು ತುಂಡರಿಸಿದೊಡನೆ ಮಲಗಿದ್ದ ಗಡ್ಡೆಗಳೂ ಎದ್ದು ಒಂದೊಂದೂ ಒಂದು ಗಿಡವಾಗುತ್ತದೆ. ಕೈಯಿಂದ ಎಳೆದರೋ, ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ.

ಇದನ್ನು ಹಸಿವಿನಿಂದ ಬಗ್ಗಿಸಬೇಕು. ಗಡ್ಡೆ ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಎಲೆ ಬಿಡುತ್ತದೆ. ಎಲೆ ದೊಡ್ಡದಾಗಿ, ಬಿಸಿಲಿನಲ್ಲಿ ಆಹಾರ ತಯಾರಿಸಿ, ಆ ಸಾಲ ತೀರಿಸಿ, ಸುಮಾರು ಮೂರು ವಾರದಲ್ಲಿ ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಅದಕ್ಕೂ ಮೊದಲೇ, ಎರಡು ವಾರಕ್ಕೊಮ್ಮೆ, ತಪ್ಪದೆ ಎಲೆ ಕತ್ತರಿಸುತ್ತ ಬಂದರೆ ಗಡ್ಡೆಗೆ ಖರ್ಚೇ ಹೊರತು ಆದಾಯವಿಲ್ಲ. ಒಂದು ತಿಂಗಳು ಮರೆತಿರೋ, ಎಲ್ಲ ಮೊದಲಿಗೇ ಬಂತು. ನೆರಳೂ ಇದಕ್ಕೆ ಆಗದು. ಸಿಹಿಗೆಣಸು, ಕುಂಬಳದ ಬಳ್ಳಿ ದಟ್ಟವಾಗಿ ಹಬ್ಬಿದ ಕಡೆ ಜೇಕು ಸೊರಗುತ್ತದೆ. ಬೇಸಿಗೆಯಲ್ಲಿ ಖಾಲಿ ಪಾತಿಯನ್ನು ಒಂದು ಗೇಣು ಆಳ ಅಗೆದು, ಗಡ್ಡೆಗಳನ್ನು ಆರಿಸಿ, ಬಿಸಿಲಿಗೆ ಹರಡಿದರೆ ಅವು ಒಣಗಿ ಸಾಯುತ್ತವೆ. ಹೊಸ ಸಸಿ ತಂದಾಗ ಅದರ ಚೀಲದ ಮಣ್ಣನ್ನು ಬಿಡಿಸಿ ನೋಡುವುದು ಎಲ್ಲಕ್ಕಿಂತ ಸುಲಭದ ಉಪಾಯ. ಜೇಕು ಎಷ್ಟೋ ತೋಟಗಳಿಗೆ ಬರುವುದು ಹಾಗೆಯೇ. ಒಂದೇ ಮಳೆಗಾಲದಲ್ಲಿ ಜೇಕನ್ನು ಓಡಿಸಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ!

ಮಾಡಿ ನೋಡಿ

ನಾಲ್ಕು ಗಡ್ಡೆಗಳಿರುವ ಜೇಕಿನ ಎರಡು ಸರಪಳಿಗಳನ್ನು ಮುರಿಯದಂತೆ ನಿಧಾನವಾಗಿ ಅಗೆದು ತೆಗೆಯಿರಿ. ಎರಡು ಕುಂಡಗಳಲ್ಲಿ ಒಂದೇ ಬಗೆಯ ಮಣ್ಣು ತುಂಬಿ. ಒಂದರಲ್ಲಿ ಸರಪಳಿಯನ್ನು ಇಡಿಯಾಗಿ ಎರಡು ಬೆರಳು ಆಳದಲ್ಲಿ ಹೂಳಿ. ಇನ್ನೊಂದರಲ್ಲಿ ಗಡ್ಡೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಅಷ್ಟೇ ಆಳದಲ್ಲಿ ಹೂಳಿ. ಎರಡಕ್ಕೂ ಸಮನಾಗಿ ನೀರು ಹಾಕಿ, ಒಂದೇ ಕಡೆ ಬಿಸಿಲಿನಲ್ಲಿಡಿ. ಮೂರು ವಾರ, ದಿನ ಬಿಟ್ಟು ದಿನ, ಎಷ್ಟು ಚಿಗುರು ಬಂದವೆಂದು ಎಣಿಸಿ ಬರೆದಿಡಿ. ಯಾವ ಕುಂಡದಲ್ಲಿ ಹೆಚ್ಚು? ಪಕ್ಕದ ಗುಂಪಿನ ಲೆಕ್ಕವೂ ಹೀಗೆಯೇ ಇದೆಯೇ?

ಪ್ರಯೋಗ ಮುಗಿದ ಮೇಲೆ ಆ ಮಣ್ಣನ್ನು ಪಾತಿಗೆ ಸುರಿಯಬೇಡಿ. ತಗಡಿನ ಮೇಲೆ ಹರಡಿ, ಗಡ್ಡೆಗಳು ಸುಕ್ಕುಗಟ್ಟಿ ಗಟ್ಟಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿ.