ಲಾಲ್‌ಬಾಗು: ನೋಡುವ ತೋಟ, ಕಲಿಯುವ ಶಾಲೆ

ಕೊತ್ತತ್ತಿಯ ಆಸುಪಾಸಿನ ಮಕ್ಕಳಿಗೆ ಬೆಳೆಯೆಂಬುದು ಹೊಸದಲ್ಲ. ನಾಲೆಯ ನೀರುಂಡ ಮಂಡ್ಯದ ಬಯಲಿನಲ್ಲಿ ಕಬ್ಬು, ಭತ್ತಗಳ ನಡುವೆಯೇ ಅವರು ಬೆಳೆಯುತ್ತಾರೆ. ಆದರೂ ಬೆಂಗಳೂರಿನ ಲಾಲ್‌ಬಾಗಿಗೆ ಪ್ರವಾಸ ಹೋದಾಗ ಗಾಜಿನ ಮನೆಯ ಮುಂದೆ ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವುದೇ ವಾಡಿಕೆ. ಆ ತೋಟವು ಕಲಿಸಬಲ್ಲ ಪಾಠವನ್ನು ಬಿಟ್ಟುಬಂದರೆ ಪ್ರವಾಸದ ಫಲವೇನು?

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಹೊರನಾಡಿನ ಗಿಡಗಳನ್ನು ತರಿಸಿ, ನಮ್ಮ ಮಣ್ಣು ಹವೆಗಳಿಗೆ ಒಗ್ಗುವುವೇ ಎಂದು ಪರೀಕ್ಷಿಸುವುದು ಅಲ್ಲಿನ ಮುಖ್ಯ ಕಾರ್ಯವಾಯಿತು. ಇಂದು ನಮ್ಮ ಮನೆಗಳಲ್ಲಿ ಪಲ್ಯವಾಗುವ ಸೀಮೆಬದನೆಯನ್ನು ಇಲ್ಲಿ ಬೇರೂರಿಸಿದವರು ಜಾನ್ ಕ್ಯಾಮರಾನ್. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಮರದ ಹೂ ಉದುರುವ ವೇಳೆಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ನಮ್ಮ ನೆರೆಯ ಕನ್ನಂಬಾಡಿಯ ಬೃಂದಾವನದ ವಿನ್ಯಾಸದಲ್ಲಿಯೂ ಅವರ ಕೈಯಿದೆ. ಮುಂದೆ ಡಾ. ಎಂ. ಎಚ್. ಮರೀಗೌಡರು ತೋಟಗಾರಿಕೆಯನ್ನು ಹಳ್ಳಿಯ ರೈತನ ಹೊಲದವರೆಗೆ ಕೊಂಡೊಯ್ದರು.

ಅಲ್ಲಿ ಸಸಿಗಳನ್ನು ನೋಡುತ್ತಿದ್ದಾಗ ನಮ್ಮ ವಿದ್ಯಾರ್ಥಿಯೊಬ್ಬ, "ಮಾವಿನ ಓಟೆ ನೆಟ್ಟರೆ ಸಾಲದೇ ಸಾರ್?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಓಟೆಯಿಂದ ಬಂದ ಮರ ತಾಯಿಮರದ ರುಚಿಯನ್ನೇ ಕೊಡುವುದೆಂಬ ಭರವಸೆಯಿಲ್ಲ. ಫಲಕ್ಕೂ ಬಹುಕಾಲ ಕಾಯಬೇಕು. ಆದುದರಿಂದ ಓಟೆಯಿಂದ ಬೆಳೆಸಿದ ಕುಂಡದ ಸಸಿಯನ್ನು ಒಳ್ಳೆಯ ಮರದ ಕೊಂಬೆಯ ಬಳಿ ಇರಿಸಿ, ಎರಡರ ತೊಗಟೆಯನ್ನೂ ಒಂದೇ ಅಳತೆಗೆ ಹೆರೆದು, ಗಾಯಕ್ಕೆ ಗಾಯ ಕೂಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಎರಡು ಮೂರು ತಿಂಗಳಲ್ಲಿ ಅವು ಬೆಸೆದುಕೊಳ್ಳುತ್ತವೆ. ಬಳಿಕ ಬೆಸುಗೆಯ ಮೇಲೆ ಸಸಿಯ ತಲೆಯನ್ನೂ, ಕೆಳಗೆ ತಾಯಿಮರದ ಕೊಂಬೆಯನ್ನೂ ಕತ್ತರಿಸಿದರೆ ಕಸಿಗಿಡ ಸಿದ್ಧ. ಬೇರು ಒಂದರದು, ಫಲ ಮತ್ತೊಂದರದು.

ರೈತರಿಗೂ ತೋಟದ ಕೆಲಸಗಾರರಿಗೂ ಪಾಠ ಹೇಳಲೆಂದು ಲಾಲ್‌ಬಾಗಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಂದು ಉಪನ್ಯಾಸ ಮಂದಿರವಿತ್ತು. ಕ್ರುಂಬಿಗಲ್ಲರ ಹೆಸರು ಹೊತ್ತಿದ್ದ ಆ ಹಳೆಯ ಕಟ್ಟಡ ಶಿಥಿಲಗೊಂಡು 2017ರಲ್ಲಿ ನೆಲಸಮವಾಯಿತು. ಕಟ್ಟಡ ಬೀಳಬಹುದು, ಅದರೊಳಗಿನ ವಿದ್ಯೆ ಬೀಳಬಾರದು. ಓದಿದ ಮಗ ಮಣ್ಣು ಮುಟ್ಟಬಾರದೆಂಬ ಭಾವನೆ ನಮ್ಮ ಊರುಗಳಲ್ಲಿ ಬಲಿಯುತ್ತಿರುವಾಗ ಈ ಮಾತಿಗೆ ಹೆಚ್ಚಿನ ತೂಕವಿದೆ. ಶಾಲೆಯ ಹಿತ್ತಿಲಲ್ಲಿ ನಾಲ್ಕು ಮಡಿ, ಹತ್ತು ಕುಂಡ, ಒಂದು ಕಸಿಚಾಕು ಇದ್ದರೆ ಪಾಠ ಆರಂಭವಾಗುತ್ತದೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅಷ್ಟನ್ನು ಒದಗಿಸಲಿ. ಮುಂದಿನ ಪ್ರವಾಸದಿಂದ ನಮ್ಮ ಮಕ್ಕಳು ಭಾವಚಿತ್ರದೊಡನೆ ಒಂದು ಕಸಿಗಿಡವನ್ನೂ ತರಲಿ.