ಹ. ಝೈದ್(ರ) ಆರಿಸಿಕೊಂಡ ಮನೆ

ನಾನು ಯಾರು, ಯಾರಿಗೆ ಸೇರಿದವನು ಎಂಬ ಪ್ರಶ್ನೆ ಹದಿಹರೆಯದಲ್ಲಿ ಎಲ್ಲರನ್ನೂ ಕಾಡುತ್ತದೆ. ಓದಿಗಾಗಿ ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮಕ್ಕಳನ್ನಂತೂ ಇನ್ನಷ್ಟು ಕಾಡುತ್ತದೆ. ಹೊಸ ಗೆಳೆಯರೊಂದಿಗೆ ಹೊಂದಿಕೊಳ್ಳುವ ಆತುರದಲ್ಲಿ ಕೆಲವರು ನಮಾಝನ್ನು ಬಚ್ಚಿಡುತ್ತಾರೆ. ಕೆಲವರು ಮನೆಮಾತಾದ ಬ್ಯಾರಿ, ನವಾಯತಿ, ಉರ್ದುವನ್ನಾಡಲು ನಾಚುತ್ತಾರೆ. ಅವರಿಗೂ ಅವರ ಹೆತ್ತವರಿಗೂ ಹ. ಝೈದ್ ಬಿನ್ ಹಾರಿಸಾ(ರ)ರ ಬದುಕಿನಲ್ಲಿ ಪಾಠವಿದೆ.

ಝೈದ್(ರ) ಕಲ್ಬ್ ಗೋತ್ರದವರು. ಬಾಲ್ಯದಲ್ಲಿ ತಾಯಿಯೊಂದಿಗೆ ಅವರ ತವರಿಗೆ ಹೋಗಿದ್ದಾಗ ದರೋಡೆಕೋರರು ಅವರನ್ನು ಅಪಹರಿಸಿ ಉಕಾಝ್ ಸಂತೆಯಲ್ಲಿ ಮಾರಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕೊಂಡವರು ಹಕೀಮ್ ಬಿನ್ ಹಿಝಾಮ್. ಅವರು ಬಾಲಕನನ್ನು ತಮ್ಮ ಸೋದರತ್ತೆ ಹ. ಖದೀಜಾ(ರ)ರಿಗೆ ಕೊಟ್ಟರು. ವಿವಾಹವಾದ ಬಳಿಕ ಖದೀಜಾ(ರ) ಆತನನ್ನು ಪತಿಯ ಸೇವೆಗೆ ಒಪ್ಪಿಸಿದರು. ಅದು ಪ್ರವಾದಿತ್ವಕ್ಕೆ ಮುಂಚಿನ ಕಾಲ.

ಇತ್ತ ತಂದೆ ಹಾರಿಸಾ ಮಗನಿಗಾಗಿ ಹುಡುಕದ ಜಾಗವಿರಲಿಲ್ಲ. ಮಗ ಮಕ್ಕಾದಲ್ಲಿದ್ದಾನೆಂದು ತಿಳಿದೊಡನೆ ತಮ್ಮ ಸಹೋದರನೊಡನೆ ಬಿಡುಗಡೆಯ ಹಣ ಹಿಡಿದು ಬಂದರು. ಪ್ರವಾದಿವರ್ಯರು(ಸ) ಹಣ ಮುಟ್ಟಲಿಲ್ಲ. ತೀರ್ಮಾನವನ್ನು ಝೈದ್‌ರಿಗೇ ಬಿಟ್ಟರು. ಝೈದ್(ರ) ಪ್ರವಾದಿವರ್ಯರ(ಸ) ಬಳಿಯೇ ಉಳಿಯುವೆನೆಂದರು! ಸ್ವಾತಂತ್ರ್ಯಕ್ಕಿಂತ ಗುಲಾಮಗಿರಿ ಲೇಸೇ ಎಂದು ಹಿರಿಯರು ದಂಗಾದರು. ಆಗ ಪ್ರವಾದಿವರ್ಯರು(ಸ) ಝೈದ್‌ರನ್ನು ಜನರ ಮುಂದೆ ಮಗನೆಂದು ಸಾರಿದರು. ಹಾರಿಸಾ ಸಮಾಧಾನದಿಂದ ಮರಳಿದರು.

ಹುಡುಗನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಯಾವುದು? ಸಂಪತ್ತಲ್ಲ, ಭಯವಲ್ಲ. ಅವರು ಕಣ್ಣಾರೆ ಕಂಡಿದ್ದ ಸದ್ವರ್ತನೆ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಜನರು ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರು. ಮದೀನಾದಲ್ಲಿ ಅವತೀರ್ಣವಾದ ಸೂರಃ ಅಲ್‌ಅಹ್‌ಝಾಬ್‌ನ 5ನೇ ವಚನವು ದತ್ತುಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಲು ಆದೇಶಿಸಿತು. ಅವರು ಪುನಃ ಝೈದ್ ಬಿನ್ ಹಾರಿಸಾ ಆದರು. ಹೆಸರು ಬದಲಾಯಿತು, ಪ್ರೀತಿ ಬದಲಾಗಲಿಲ್ಲ. ಪವಿತ್ರ ಕುರ್‌ಆನ್‌ನಲ್ಲಿ ಹೆಸರು ಬಂದಿರುವ ಏಕೈಕ ಸಹಾಬಿ ಅವರೇ (33:37). ಹಿಜರಿ 8ರಲ್ಲಿ ಅವರು ಮುಅ್ತಾ ಯುದ್ಧದ ಸೇನಾನಿಯಾಗಿ ಹುತಾತ್ಮರಾದರು.

ಕಿರಿಯ ಸಹೋದರ, ಸಹೋದರಿಯರೇ, ಹೊಸ ಊರಿನಲ್ಲಿ ನಿಮ್ಮವರನ್ನು ಕಂಡುಕೊಳ್ಳಲು ನಿಮ್ಮ ಹೆಸರು, ಮಾತು, ಮನೆತನವನ್ನು ಅಳಿಸಿಕೊಳ್ಳಬೇಕಿಲ್ಲ. ಯಾರ ಸಹವಾಸದಲ್ಲಿ ನಿಮ್ಮ ನಡತೆ ಉತ್ತಮವಾಗುತ್ತದೋ ಅವರನ್ನು ಆರಿಸಿಕೊಳ್ಳಿರಿ.

ಹೆತ್ತವರೇ, ದೂರದಲ್ಲಿರುವ ಮಗುವನ್ನು ದಿನಕ್ಕೆ ನಾಲ್ಕು ಬಾರಿ ಫೋನಿನಲ್ಲಿ ಗದರಿಸಿ ಕಟ್ಟಿಹಾಕಲಾಗದು. ಆಯ್ಕೆಯ ಸ್ವಾತಂತ್ರ್ಯವಿದ್ದಾಗಲೂ ಅದು ನಿಮ್ಮ ದಾರಿಯನ್ನೇ ಆರಿಸಬೇಕಾದರೆ, ಮನೆಯಲ್ಲಿ ಅದು ಕಂಡ ನಿಮ್ಮ ನಡತೆ ಹಾಗಿರಬೇಕು. ಅಲ್ಲಾಹನು ಅನುಗ್ರಹಿಸಲಿ.