ಪೆಪ್ಪರ್ ಎಂದರೆ ಯಾವ ಮೆಣಸು?



ತಿರುವನಂತಪುರದ ಚಾಲೈ ಬಜಾರಿನಲ್ಲಿ ಕರಿಮೆಣಸಿಗೆ 'ನಲ್ಲಮುಳಕ್' ಎನ್ನುತ್ತಾರೆ. ನಮ್ಮ ಉಡುಪಿ, ಕಾಸರಗೋಡು ಕಡೆಯ 'ಒಳ್ಳೆಮೆಣಸು' ಎಂಬುದೂ ಅದೇ ಅರ್ಥ. ಅಲ್ಲೇ 'ತಿಪ್ಪಲಿ' ಕೇಳಿದರೆ ನಮ್ಮ ಹಿಪ್ಪಲಿ ಕೊಡುತ್ತಾರೆ. ಅದು ಬೇರೆ ಸಾಮಾನು, ಬೇರೆ ದರ. ಆದರೆ ಯುರೋಪಿನವರು ಕರಿಮೆಣಸನ್ನು ಕರೆಯುವುದು ಈ ಹಿಪ್ಪಲಿಯ ಹೆಸರಿನಿಂದಲೇ!

ಸಂಸ್ಕೃತದ 'ಪಿಪ್ಪಲಿ' ಗ್ರೀಕರ ಬಾಯಲ್ಲಿ 'ಪೆಪೆರಿ' ಆಯಿತು, ಲ್ಯಾಟಿನ್‌ನಲ್ಲಿ 'ಪಿಪೆರ್'. ಇಂಗ್ಲಿಷಿನ ಪೆಪ್ಪರ್, ಜರ್ಮನ್ನರ ಫೆಫರ್, ಫ್ರೆಂಚರ ಪ್ವಾವ್ರ್, ಇಟಲಿಯವರ ಪೇಪೆ ಎಲ್ಲವೂ ಅದರ ಮಕ್ಕಳು. ಕನ್ನಡದಲ್ಲಿ 'ಪ' ಹೋಗಿ 'ಹ' ಬಂದು ಹಿಪ್ಪಲಿ ಆಯಿತು.

ಹೆಸರು ಏಕೆ ಬದಲಾಗಿ ಅಂಟಿಕೊಂಡಿತು? ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ದರ ಬರೆದಿಟ್ಟಿದ್ದಾನೆ: ಹಿಪ್ಪಲಿ ಪೌಂಡಿಗೆ 15 ದಿನಾರಿ, ಕರಿಮೆಣಸು 4. ಅಗ್ಗದ ಕರಿಮೆಣಸೇ ಅಡುಗೆಮನೆ ಸೇರಿ ಹೆಸರನ್ನೂ ಪಡೆಯಿತು. ಆದರೂ ಅದು ಸಣ್ಣ ವಸ್ತುವಾಗಿರಲಿಲ್ಲ. 408ರಲ್ಲಿ ರೋಮನ್ನು ಮುತ್ತಿದ ಅಲಾರಿಕ್ ಕೇಳಿದ ಕಪ್ಪದಲ್ಲಿ ಚಿನ್ನ ಬೆಳ್ಳಿಯ ಜೊತೆ 3,000 ಪೌಂಡ್ ಮೆಣಸೂ ಇತ್ತು.

1492ರಲ್ಲಿ ಮೆಣಸು ಹುಡುಕಲು ಹೊರಟ ಕೊಲಂಬಸನಿಗೆ ಸಿಕ್ಕಿದ್ದು ಮೆಣಸಿನಕಾಯಿ. ಖಾರವಿದೆಯೆಂದು ಅದಕ್ಕೂ ಮೆಣಸಿನ ಹೆಸರೇ ಬಿತ್ತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಇಲ್ಲಿಗೆ ತಂದಾಗ ನಾವೂ ಹಾಗೆಯೇ ಮಾಡಿದೆವು.

ಈಗ ನಮ್ಮ ವ್ಯಾಪಾರಕ್ಕೆ ಬರೋಣ. ಕೋವಳಂ, ಕೊಚ್ಚಿ, ಹಂಪಿ, ಗೋಕರ್ಣದಲ್ಲಿ ವಿದೇಶಿ ಗಿರಾಕಿಗಳಿಗೆ ಬಡಿಸುವವರು ಇವನ್ನು ತಿಳಿದಿರಬೇಕು:

1. ಅಮೆರಿಕದವರು 'ಬೆಲ್ ಪೆಪ್ಪರ್' ಎಂದರೆ ದೊಣ್ಣೆಮೆಣಸು, 'ಹಾಟ್ ಪೆಪ್ಪರ್' ಎಂದರೆ ಖಾರದ ಮೆಣಸಿನಕಾಯಿ.

2. ಜರ್ಮನ್ನರ 'ಪಾಪ್ರಿಕಾ' ದೊಣ್ಣೆಮೆಣಸೂ ಹೌದು, ಅದರ ಪುಡಿಯೂ ಹೌದು.

3. ಇಟಲಿಯವರಿಗೆ 'ಪೆಪೆರೋನಿ' ದೊಣ್ಣೆಮೆಣಸು. ಅಮೆರಿಕದ 'ಪೆಪ್ಪರೋನಿ' ಮಾತ್ರ ಹಂದಿ, ದನದ ಮಾಂಸದ ಸಾಸೇಜ್.

ಸಸ್ಯಾಹಾರಿ ಹೋಟೆಲಿನವರು ಮೂರನೆಯದನ್ನು ಗಟ್ಟಿಯಾಗಿ ನೆನಪಿಡಬೇಕು. ದೊಣ್ಣೆಮೆಣಸಿನ ಪಿಜ್ಜಾಕ್ಕೆ ಮೆನುವಿನಲ್ಲಿ ಆ ಹೆಸರು ಹಾಕಿದರೆ ಶುದ್ಧ ಸಸ್ಯಾಹಾರಿ ಗಿರಾಕಿ ಎದ್ದು ಹೋಗುತ್ತಾನೆ. ಪೇಟೆಯಿಂದ ತಂದ ಪ್ಯಾಕೆಟ್ಟಿನ ಮೇಲೆ ಆ ಹೆಸರಿದ್ದರೆ ಹಸಿರು ಚುಕ್ಕಿ ಇದೆಯೇ ಎಂದು ನೋಡದೆ ಅಡುಗೆಮನೆಗೆ ಬಿಡಬಾರದು.

ಬರೀ 'ಪೆಪ್ಪರ್' ಎಂದು ಬರೆಯದೆ ಬ್ಲ್ಯಾಕ್ ಪೆಪ್ಪರ್, ಚಿಲ್ಲಿ, ಕ್ಯಾಪ್ಸಿಕಂ ಎಂದು ಬಿಡಿಸಿ ಬರೆಸಿ. 'ನೋ ಪೆಪ್ಪರ್' ಎಂದವರಿಗೆ ಯಾವುದು ಬೇಡವೆಂದು ಕೇಳಲು ಸಪ್ಲೈಯರ್ ಹುಡುಗರಿಗೆ ಹೇಳಿಕೊಡಿ. ಕೆಲವರಿಗೆ ಅದು ರುಚಿಯ ಮಾತಲ್ಲ, ಮೈಗೆ ಆಗದ ಮಾತು.